ಮನೆ ಕೊಳ್ಳುವ ಮೊದಲು ಊರನ್ನು ಓದಿ

ಅಕ್ಷರ ಕಲಿತ ಅಕ್ಕತಂಗಿಯರೇ,

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಎರಡಕ್ಕೂ ಜೀವಮಾನದ ದುಡಿಮೆ ಬೇಕು. ಸೀರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಸೆರಗು ಬಿಚ್ಚಿ ನೋಡುತ್ತೇವೆ. ನಾಲ್ಕು ಅಂಗಡಿ ಸುತ್ತುತ್ತೇವೆ. ಮನೆ ಕೊಳ್ಳುವಾಗ ಮಾತ್ರ ಬ್ರೋಕರ್ ಮಾತನ್ನು ನಂಬಿಬಿಡುತ್ತೇವೆ. ಹಾಗೆ ಆಗಬಾರದು.

ಒಂದು ಕಥೆ ಕೇಳಿ. ಊರಿಗಾಂನಲ್ಲಿ ಒಬ್ಬ ತಂಗಿ ಬಾಡಿಗೆ ಮನೆಯಲ್ಲಿದ್ದಾಳೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುತ್ತಾಳೆ. ಸಂಘದಲ್ಲಿ ಉಳಿಸಿದ ಹಣ ಇದೆ. ಕಿವಿ, ಕೊರಳಲ್ಲಿ ಒಂದಿಷ್ಟು ಚಿನ್ನ ಇದೆ. ಒಂದು ದಿನ ಬ್ರೋಕರ್ ಬಂದ. ಎರಡು ಜಾಗ ತೋರಿಸಿದ. ಒಂದು, ಗಣಿಯ ಹಳೆಯ ಲೈನ್ ಮನೆ. ಇನ್ನೊಂದು, ಬಂಗಾರಪೇಟೆ ಹತ್ತಿರದ ಹೊಸ ಬಡಾವಣೆಯ ಸೈಟು. "ನಾಳೆ ರೇಟು ಏರುತ್ತೆ. ಇವತ್ತೇ ಅಡ್ವಾನ್ಸ್ ಕೊಡಮ್ಮ" ಅಂದ.

ತಂಗಿ ಬಂಗಾರಪೇಟೆಯಲ್ಲಿದ್ದ ಅಕ್ಕನ ಮನೆಗೆ ಓಡಿದಳು.

"ಅಕ್ಕಾ, ಓಲೆ ಅಡವಿಟ್ಟು ಅಡ್ವಾನ್ಸ್ ಕೊಡಲಾ?"

"ಬೇಡ ಕಣೇ. ಮೊದಲು ಊರನ್ನು ಓದೋಣ, ಆಮೇಲೆ ಪತ್ರ ಓದೋಣ. ಹಣ ಕೊಡೋದು ಕೊನೆಗೆ" ಅಂದಳು ಅಕ್ಕ.

ಊರನ್ನು ಓದುವುದು ಅಂದರೆ ಏನು? ನೋಡೋಣ.

1. ಊರಿಗೆ ಅನ್ನ ಎಲ್ಲಿಂದ ಬರುತ್ತದೆ?

ಕೆಜಿಎಫ್ ಚಿನ್ನದಿಂದ ಬೆಳೆದ ಊರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಕೈ ಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಒಂದೇ ಕೆಲಸ ನಂಬಿದ ಊರಿನಲ್ಲಿ ಆ ಕೆಲಸ ಹೋದರೆ ಮನೆ ಕೇಳುವವರೂ ಕಡಿಮೆಯಾಗುತ್ತಾರೆ.

ಆದರೆ ಊರು ಖಾಲಿಯಾಗಲಿಲ್ಲ. ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯ ಜನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೀಗಾಗಿ ರೈಲು ನಿಲ್ದಾಣ ಎಷ್ಟು ದೂರ ಅನ್ನುವುದು ದೊಡ್ಡ ಪ್ರಶ್ನೆ. ಬೆಳಗಿನ ಜಾವ ಕತ್ತಲಲ್ಲಿ ನಡೆದು ಹೋಗಬಹುದೇ? ರಾತ್ರಿ ವಾಪಸ್ ಬರುವಾಗ ಬೀದಿದೀಪ ಉಂಟೇ? ನೀವೇ ಒಂದು ದಿನ ನಡೆದು ನೋಡಿ.

"ಹೈವೇ ಬಂದಿದೆ, ಬೆಲೆ ಮೂರು ಪಟ್ಟು ಆಗುತ್ತೆ" ಅಂತ ಬ್ರೋಕರ್ ಹೇಳಬಹುದು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬೇತಮಂಗಲದ ಕಡೆ ಹಾದುಹೋಗುತ್ತದೆ, ನಿಜ. ಆದರೆ ಆ ರಸ್ತೆಗೆ ಎಲ್ಲೆಂದರಲ್ಲಿ ಹತ್ತಲು, ಇಳಿಯಲು ಆಗುವುದಿಲ್ಲ. ಹತ್ತುವ ಜಾಗ ನಿಮ್ಮ ಸೈಟಿಗೆ ಎಷ್ಟು ದೂರ? ಅದನ್ನು ಕೇಳಿ.

2. ನೀರು ಎಲ್ಲಿದೆ? ನೆಲ ಹೇಗಿದೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಮತ್ತು ಕೊಳವೆಬಾವಿಯೇ ಗತಿ. ಬೇತಮಂಗಲದ ಕೆರೆ ಕೆಜಿಎಫ್‌ಗೆ ನೀರು ಕೊಟ್ಟ ಕೆರೆ. 2023ರಲ್ಲಿ ಯರಗೋಳ್ ಅಣೆಕಟ್ಟೆಯ ಉದ್ಘಾಟನೆ ಆಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯುವ ನೀರು ಕೊಡಲು ಕಟ್ಟಿದ್ದು ಅದು. ಊರಿಗೆ ನೀರು ಬಂದ ಮಾತ್ರಕ್ಕೆ ಆ ಬೀದಿಗೂ ಬಂದಿದೆ ಅಂತ ಅಲ್ಲ. ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರನ್ನು ಕೇಳಿ. ವಾರಕ್ಕೆ ಎಷ್ಟು ದಿನ ನೀರು? ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಡುತ್ತೀರಿ? ಬೋರು ಎಷ್ಟು ಅಡಿ ಕೊರೆದಿದ್ದಾರೆ? ನಮ್ಮ ಜಿಲ್ಲೆಯ ಬೋರಿನ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಅದು ಹಲ್ಲು, ಮೂಳೆ ಕೆಡಿಸುತ್ತದೆ. ನೀರಿನ ಪರೀಕ್ಷೆ ಮಾಡಿಸಿ.

ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡಗಳಿವೆ. ಅದಿರಿನಿಂದ ಚಿನ್ನ ತೆಗೆದು ಸುರಿದ ಮಣ್ಣು ಅದು. ಗಾಳಿ ಬೀಸಿದಾಗ ಧೂಳು ಮನೆಯೊಳಗೆ ಬರುತ್ತದೆ. ಗಾಳಿ ಜೋರಾಗಿರುವ ದಿನವೇ ಜಾಗ ನೋಡಲು ಹೋಗಿ. ನೆಲದ ಕೆಳಗೆ ಹಳೆಯ ಸುರಂಗ, ಹತ್ತಿರದಲ್ಲಿ ಹಳೆಯ ಗಣಿಬಾವಿ ಇದೆಯೇ ಅಂತ ಹಿರಿಯ ಕಾರ್ಮಿಕರನ್ನು ಕೇಳಿ.

3. ನೆಲ ಯಾರದು?

"ಲೈನ್ ಮನೆ ಅಗ್ಗಕ್ಕೆ ಸಿಗುತ್ತಲ್ಲ ಅಕ್ಕಾ?"

"ಮೂವತ್ತು ವರ್ಷ ವಾಸ ಮಾಡಿದೋರು ಮಾರ್ತಾ ಇರಬಹುದು. ಆದ್ರೆ ವಾಸ ಬೇರೆ, ಹಕ್ಕು ಬೇರೆ ಕಣೇ."

ಗಣಿಯ ಲೈನ್ ಮನೆಗಳನ್ನು ಕಟ್ಟಿದ್ದು ಕಂಪನಿ. ಗಣಿ ಮುಚ್ಚಿದಾಗ ಅದು ಕೇಂದ್ರ ಸರ್ಕಾರದ ಕಂಪನಿಯಾಗಿತ್ತು. ಮಾರುವವರ ಹೆಸರಿಗೆ ನೋಂದಣಿಯಾದ ಪತ್ರ ಇದೆಯೇ? ಇಲ್ಲದಿದ್ದರೆ ಅವರು ಮಾರುವಂತಿಲ್ಲ. ಬರೀ ಛಾಪಾ ಕಾಗದದ ಕರಾರು, ಜಿಪಿಎ ಇವುಗಳಿಂದ ಮನೆ ನಿಮ್ಮದಾಗುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಲೇಬೇಕು.

ಹೊಸ ಬಡಾವಣೆಯಾದರೆ ಈ ಕಾಗದಗಳನ್ನು ಕೇಳಿ ಪಡೆಯಿರಿ:

* ಮೂಲ ಕ್ರಯಪತ್ರ. ನಕಲು ನೋಡಿ ಸುಮ್ಮನಾಗಬೇಡಿ. ಅಸಲು ಪತ್ರ ಬ್ಯಾಂಕಿನಲ್ಲಿ ಅಡವಿರಬಹುದು.
* ಋಣಭಾರ ಪತ್ರ. ಇದನ್ನು ಇ.ಸಿ. ಅನ್ನುತ್ತಾರೆ. 30 ವರ್ಷದ್ದು ತೆಗೆಸಿ. ಜಾಗ ಯಾರಿಂದ ಯಾರಿಗೆ ಹೋಯಿತು, ನೋಂದಣಿಯಾದ ಸಾಲ ಇದೆಯೇ ಅನ್ನುವುದು ಇದರಲ್ಲಿ ಕಾಣುತ್ತದೆ. ಬಾಯಿಮಾತಿನ ಒಪ್ಪಂದ ಇದರಲ್ಲಿ ಕಾಣದು.
* ಭೂ ಪರಿವರ್ತನೆ ಆದೇಶ. ಹೊಲವನ್ನು ಮನೆಗಾಗಿ ಬಳಸಲು ಅನುಮತಿ ಇದು. ಬಡಾವಣೆಯ ನಕ್ಷೆಗೂ ಅನುಮೋದನೆ ಇರಬೇಕು.
* ಖಾತಾ. ಹಳ್ಳಿಯಲ್ಲಿ ಪಂಚಾಯಿತಿಯ ಇ-ಸ್ವತ್ತು, ಪೇಟೆಯಲ್ಲಿ ಪುರಸಭೆ ಅಥವಾ ನಗರಸಭೆಯ ಇ-ಖಾತಾ.

ಇನ್ನೆರಡು ಮಾತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದಕ್ಕೆ 1978ರ ಕಾನೂನು ಇದೆ. ಪಿತ್ರಾರ್ಜಿತ ಆಸ್ತಿಯಾದರೆ ಮಾರುವವನ ಅಕ್ಕತಂಗಿಯರಿಗೂ ಪಾಲು ಇರಬಹುದು. ಅವರ ಒಪ್ಪಿಗೆ, ಸಹಿ ಇದೆಯೇ ನೋಡಿ. ಅವರೂ ನಮ್ಮಂತೆ ಹೆಣ್ಣುಮಕ್ಕಳೇ ಅಲ್ಲವೇ?

4. ಬೆಲೆ ಸರಿಯೇ?

ಬ್ರೋಕರ್ ಹೇಳಿದ್ದು ಕೇಳುವ ಬೆಲೆ. ನಿಜವಾಗಿ ಮಾರಾಟವಾದ ಬೆಲೆ ಬೇರೆ. ಅದೇ ಬೀದಿಯಲ್ಲಿ ಈಚೆಗೆ ಕೊಂಡ ಇಬ್ಬರು ಮೂವರನ್ನು ಕೇಳಿ. ಉಪನೋಂದಣಿ ಕಚೇರಿಯಲ್ಲಿ ಸರ್ಕಾರದ ಮಾರ್ಗಸೂಚಿ ಬೆಲೆ ಎಷ್ಟು ಅಂತ ತಿಳಿದುಕೊಳ್ಳಿ. ಬಡಾವಣೆಯಲ್ಲಿ ಎಷ್ಟು ಮನೆ ಎದ್ದಿವೆ, ಎಷ್ಟು ಸೈಟಿನಲ್ಲಿ ಬರೀ ಕಲ್ಲು ನೆಟ್ಟಿದ್ದಾರೆ, ಎಣಿಸಿ. ಎಷ್ಟು ಮನೆಗೆ ಬೀಗ ಬಿದ್ದಿದೆ ಅದನ್ನೂ ಎಣಿಸಿ. ಜನ ಬಂದು ವಾಸ ಮಾಡದ ಕಡೆ ಏರಿದ ಬೆಲೆ ನಿಲ್ಲುವುದು ಕಷ್ಟ.

ಲೆಕ್ಕ ಮಾಡಿ. ಇವು ಲೆಕ್ಕಕ್ಕಾಗಿ ಬರೆದ ಬೆಲೆಗಳು.

ಒಂದು ಸೈಟು 30 ಅಡಿ, 40 ಅಡಿ. ಬೆಲೆ 12,00,000 ರೂಪಾಯಿ.
30 × 40 = 1,200 ಚದರ ಅಡಿ.
12,00,000 ÷ 1,200 = 1,000. ಚದರ ಅಡಿಗೆ 1,000 ರೂಪಾಯಿ.

ಇನ್ನೊಂದು ಸೈಟು 20 ಅಡಿ, 30 ಅಡಿ. ಬೆಲೆ 7,20,000 ರೂಪಾಯಿ.
20 × 30 = 600 ಚದರ ಅಡಿ.
7,20,000 ÷ 600 = 1,200. ಚದರ ಅಡಿಗೆ 1,200 ರೂಪಾಯಿ.

ಚಿಕ್ಕ ಸೈಟು ಅಗ್ಗ ಅಂತ ಕಂಡಿತು. ಅಡಿ ಲೆಕ್ಕದಲ್ಲಿ ಅದೇ ದುಬಾರಿ! ಇದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಬ್ರೋಕರ್ ಕಮಿಷನ್ ಸೇರುತ್ತದೆ. ಅದನ್ನೂ ಬರೆದುಕೊಳ್ಳಿ. ಟೇಪು ಹಿಡಿದು ಜಾಗವನ್ನು ನೀವೇ ಅಳೆಯಿರಿ.

ತಂಗಿ ಎರಡು ಭಾನುವಾರ ಸುತ್ತಿದಳು. ಲೈನ್ ಮನೆಗೆ ಪತ್ರವೇ ಇರಲಿಲ್ಲ. ಸೈಟಿನ ಇ.ಸಿ.ಯಲ್ಲಿ ತೀರದ ಸಾಲ ಇತ್ತು. ಎರಡನ್ನೂ ಬಿಟ್ಟಳು. ಬ್ರೋಕರ್ ಸಿಟ್ಟಾದ. ಆದರೆ ಓಲೆ ಅವಳ ಕಿವಿಯಲ್ಲೇ ಉಳಿಯಿತು. ಈಗ ನಿಲ್ದಾಣದ ಹತ್ತಿರ ಇನ್ನೊಂದು ಮನೆ ನೋಡುತ್ತಿದ್ದಾಳೆ.

ನೆನಪಿಡಿ

* ಅವಸರಪಡಿಸುವವನಿಗೆ ಅಡ್ವಾನ್ಸ್ ಕೊಡಬೇಡಿ.
* ಹಣ ಕೊಟ್ಟರೆ ರಸೀತಿ ಪಡೆಯಿರಿ. ಆದಷ್ಟೂ ಬ್ಯಾಂಕಿನ ಮೂಲಕ ಕೊಡಿ.
* ಓದದೆ ಸಹಿ ಹಾಕಬೇಡಿ. ತಿಳಿಯದ ಮಾತಿದ್ದರೆ ವಕೀಲರಿಗೆ ತೋರಿಸಿ.
* ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ದುಡಿಮೆ ನಿಮ್ಮದು, ಹಕ್ಕೂ ನಿಮ್ಮದಾಗಲಿ.

ಅಭ್ಯಾಸ

1. ಇ.ಸಿ.ಯಿಂದ ಏನು ತಿಳಿಯುತ್ತದೆ?
2. ಲೈನ್ ಮನೆಯನ್ನು ತಂಗಿ ಯಾಕೆ ಬಿಟ್ಟಳು?
3. 20 ಅಡಿ, 40 ಅಡಿ ಸೈಟಿಗೆ 8,80,000 ರೂಪಾಯಿ. ಚದರ ಅಡಿಗೆ ಎಷ್ಟು?
4. ನಿಮ್ಮ ಬೀದಿಯಲ್ಲಿ ಬೀಗ ಹಾಕಿದ ಮನೆ ಎಷ್ಟು? ಎಣಿಸಿ ಬರೆಯಿರಿ.
5. ನೀವಿರುವ ಮನೆಯ ಪತ್ರ ಯಾರ ಹೆಸರಿನಲ್ಲಿದೆ? ಇವತ್ತು ಮನೆಗೆ ಹೋಗಿ ಓದಿ.