ದೀಪ ಇಳಿಸಿದ ಮೇಲಿನ ಲೆಕ್ಕ

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ಕೊನೆಯ ವಿಧಿಗೆ 'ಕಪ್ಪಡಕಳ್ಳಿ' ಎಂದು ಹೆಸರು. ಮರಾಠಿ ಪತ್ರಿಕೆಗಳೂ ಅದನ್ನು ಹಾಗೆಯೇ ಅಚ್ಚು ಮಾಡುತ್ತವೆ. ನಂದಿಧ್ವಜಗಳಿಗೆ ಉಡಿಸಿದ ವಸ್ತ್ರವನ್ನು ಕಳೆಯುವುದು ಎಂಬ ಕನ್ನಡದ ಅರ್ಥ ಆ ಹೆಸರಿನಲ್ಲಿ ಉಳಿದುಕೊಂಡಿದೆ. ಮೊದಲ ದಿನದ 'ಯಣ್ಣಿಮಜ್ಜನ'ವೂ ಕನ್ನಡದ ಎಣ್ಣೆಮಜ್ಜನವೇ. ತೊಡಿಸುವುದಕ್ಕೆ ಎಷ್ಟು ಮಹತ್ವವೋ ಕಳಚುವುದಕ್ಕೂ ಅಷ್ಟೇ ಮಹತ್ವವನ್ನು ಈ ಜಾತ್ರೆ ಕೊಟ್ಟಿದೆ. ಆದರೆ ಜಾತ್ರೆ, ಹಬ್ಬಗಳನ್ನು ನಂಬಿ ನಡೆಯುವ ವಿದ್ಯುತ್ ದೀಪಾಲಂಕಾರದ ಉದ್ಯೋಗದಲ್ಲಿ ಕಳಚುವ ಕೆಲಸಕ್ಕೆ ಬೆಲೆ ಕಟ್ಟುವವರು ಕಡಿಮೆ. ಆ ಉದ್ಯೋಗದ ಲಾಭನಷ್ಟಗಳು ತೀರ್ಮಾನವಾಗುವುದು ಮಾತ್ರ ಅಲ್ಲಿಯೇ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜವಾದದ್ದು. ಗಡಿಭಾಗದಲ್ಲಿ ಕನ್ನಡ ಪದವಿ ಪಡೆದವನು ಶಿಕ್ಷಕ ಹುದ್ದೆಯ ಜಾಹೀರಾತಿಗಾಗಿ ವರ್ಷಗಟ್ಟಲೆ ಕಾಯುವುದುಂಟು. ಕಾಯುವ ಆ ವರ್ಷಗಳಲ್ಲಿ ಮನೆ ನಡೆಯಬೇಕು. ಹೆಚ್ಚು ಬಂಡವಾಳ ಬೇಡದ, ಓದನ್ನು ಬಿಡಿಸದ, ವರ್ಷದ ನಾಲ್ಕೈದು ತಿಂಗಳಲ್ಲಿ ದುಡಿದು ಉಳಿದ ತಿಂಗಳು ಪರೀಕ್ಷೆಗೆ ಕುಳಿತುಕೊಳ್ಳಬಹುದಾದ ಕೆಲಸಗಳಲ್ಲಿ ಇದೂ ಒಂದು. ಜೊತೆಗೆ, ಎರಡು ಭಾಷೆ ಬಲ್ಲವನಿಗೆ ಇದರಲ್ಲಿ ಒಂದು ಅನುಕೂಲವಿದೆ. ಅದನ್ನು ಮುಂದೆ ನೋಡಬಹುದು.

ಮೊದಲು ಪಂಚಾಂಗವನ್ನು ತೆರೆಯಬೇಕು. ಸಂಕ್ರಾಂತಿ, ಫೆಬ್ರುವರಿ 19ರ ಶಿವಾಜಿ ಜಯಂತಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಇವು ಕದಲುವುದಿಲ್ಲ. ಗಣೇಶ ಚತುರ್ಥಿ, ನವರಾತ್ರಿ, ದೀಪಾವಳಿ, ಅಕ್ಕಲಕೋಟೆಗೆ ಜನ ಕೂಡುವ ದತ್ತ ಜಯಂತಿ ಇವು ತಿಥಿಯನ್ನು ಹಿಡಿದು ಸರಿಯುತ್ತವೆ. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಗಣೇಶ ಚತುರ್ಥಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಅಕ್ಟೋಬರ್ 21ರ ಲಕ್ಷ್ಮೀಪೂಜೆ ನವೆಂಬರ್ 8ಕ್ಕೆ. ನಡುವೆ ಬರುವ ಅಧಿಕ ಜ್ಯೇಷ್ಠವೇ ಇದಕ್ಕೆ ಕಾರಣ. ಮೇ 17ರಿಂದ ಜೂನ್ 15ರವರೆಗಿನ ಆ ಮಾಸದಲ್ಲಿ ಮದುವೆಗಳು ನಿಲ್ಲುವುದರಿಂದ ಮಂಟಪದ ದೀಪದ ಕೆಲಸವೂ ನಿಲ್ಲುತ್ತದೆ. ಅಂದರೆ ಅಧಿಕಮಾಸ ಬಂದ ವರ್ಷ ಬೇಸಗೆಯ ಆದಾಯ ಕುಗ್ಗುತ್ತದೆ, ಗಣೇಶೋತ್ಸವದ ಮುಂಗಡವೂ ತಡವಾಗಿ ಕೈಸೇರುತ್ತದೆ. ಬ್ಯಾಂಕಿನ ಕಂತಿಗೆ ಮಾತ್ರ ಅಧಿಕಮಾಸವಿಲ್ಲ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ₹50,000 ವರೆಗೆ ಆಧಾರವಿಲ್ಲದೆ ಸಾಲ ದೊರೆಯುವುದು ನಿಜ. ಆದರೆ ಬರಿದಾದ ತಿಂಗಳುಗಳ ಕಂತನ್ನು ಹಬ್ಬದ ಆದಾಯದಲ್ಲೇ ತೆಗೆದಿರಿಸದವನು ಆ ಸಾಲವನ್ನು ಮುಟ್ಟದಿರುವುದೇ ಲೇಸು. ಮೊದಲ ವರ್ಷ ನಲವತ್ತು ಐವತ್ತು ಮಾಲೆಗಳಿಂದ ಆರಂಭಿಸಿ, ಮುಂಗಡ ಬಂದಂತೆಲ್ಲ ಬೆಳೆಸುವುದು ಸುರಕ್ಷಿತ ದಾರಿ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು. ತಮ್ಮ ಊರಿನ ದರಗಳನ್ನು ವಿದ್ಯಾರ್ಥಿಗಳು ಇಲ್ಲಿ ಇಟ್ಟು ನೋಡಬೇಕು. ಎರಡು ಅಂತಸ್ತಿನ ಒಂದು ಮನೆಗೆ 20 ಎಲ್‌ಇಡಿ ಮಾಲೆ, ಒಂದಕ್ಕೆ ₹150ರಂತೆ ₹3,000. ಜೋಪಾನವಾಗಿ ಬಳಸಿದರೆ ಆರು ಹಬ್ಬಗಳಿಗೆ ಬರುತ್ತವೆ ಎಂದುಕೊಂಡರೆ ಒಂದು ಹಬ್ಬಕ್ಕೆ ₹500 ಬಿತ್ತು. ಇಬ್ಬರು ಆಳು, ದಿನಕ್ಕೆ ₹800ರ ಕೂಲಿ, ಕಟ್ಟಲು ಅರ್ಧ ದಿನ: ₹800. ವಾಹನಕ್ಕೆ ₹300, ದಾರ, ಟೇಪು, ಮೊಳೆಗೆ ₹200. ಒಟ್ಟು ₹1,800 ಆಯಿತೆಂದು ಹೊಸಬನು ₹2,400 ದರ ಹೇಳಿ, ₹600 ಉಳಿಯಿತೆಂದು ಹಿಗ್ಗುತ್ತಾನೆ. ಹಬ್ಬ ಮುಗಿದ ಮೇಲೆ ಅದೇ ಇಬ್ಬರನ್ನು ಮತ್ತೆ ಅರ್ಧ ದಿನ ಕರೆತರಬೇಕಾಗುತ್ತದೆ. ಇನ್ನೂ ₹800. ಲಾಭವೆಂದು ಕಂಡ ₹600 ಹೋಗಿ ₹200 ಕೈಯಿಂದ ಬಿದ್ದಿತು.

ಇದನ್ನು ತಪ್ಪಿಸಲು ಆತ ಹಿಡಿಯುವ ದಾರಿ ಇನ್ನೂ ಕೆಟ್ಟದ್ದು. ಒಬ್ಬನೇ ಆಳನ್ನು ₹200 ಕೊಟ್ಟು ಕಳುಹಿಸುತ್ತಾನೆ. ಅವನು ಕೆಳಗೆ ನಿಂತು ಮಾಲೆಗಳನ್ನು ಜಗ್ಗಿ, ಗಂಟುಗಂಟಾಗಿ ಚೀಲಕ್ಕೆ ತುಂಬಿ ತರುತ್ತಾನೆ. ಎಳೆದ ತಂತಿಯ ಬೆಸುಗೆ ಬಿಡುತ್ತದೆ. ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ ಒಂದು ಕಡೆ ಬಿಟ್ಟರೆ ಆ ಸಾಲೆಲ್ಲ ಕತ್ತಲೆ. ಆರು ಹಬ್ಬ ಬಾಳಬೇಕಾದ ಮಾಲೆ ಎರಡಕ್ಕೇ ಮುಗಿದರೆ ಹಬ್ಬವೊಂದಕ್ಕೆ ಮಾಲೆಯ ಖರ್ಚು ₹500ರಿಂದ ₹1,500ಕ್ಕೆ ಏರುತ್ತದೆ. ಕೂಲಿಯಲ್ಲಿ ₹600 ಉಳಿಸಿ ಮಾಲಿನಲ್ಲಿ ₹1,000 ಕಳೆದುಕೊಂಡಂತಾಯಿತು. ಇಳಿಸುವ ಕೂಲಿಯನ್ನು ಮೊದಲೇ ಸೇರಿಸಿ ₹3,500 ಹೇಳಿದವನಿಗೆ ₹2,600 ಖರ್ಚು ಕಳೆದು ₹900 ನಿಲ್ಲುತ್ತದೆ. ದರ ಹೆಚ್ಚಾಯಿತೆಂದು ಕೆಲವು ಗಿರಾಕಿಗಳು ಬಿಟ್ಟುಹೋಗಬಹುದು, ಹೋಗಲಿ.

ಭಾಷೆಯ ಮಾತು ಬರುವುದು ಈ ಹಂತದಲ್ಲಿ. ಗಿರಾಕಿ ಕನ್ನಡದವನಾದರೆ 'ಲೈಟಿಂಗ್ ಮಾಡಿಕೊಡ್ರಿ' ಎನ್ನುತ್ತಾನೆ, ಮರಾಠಿಯವನಾದರೆ 'ಲೈಟಿಂಗ್ ಕರೂನ್ ದ್ಯಾ' ಎನ್ನುತ್ತಾನೆ. ಎರಡು ಭಾಷೆಗಳಲ್ಲೂ ಮುಖ್ಯ ಕ್ರಿಯಾಪದದ ಬೆನ್ನಿಗೆ 'ಕೊಡು' ನಿಂತಿದೆ. ವ್ಯಾಕರಣದ ದೃಷ್ಟಿಯಿಂದ ಇಲ್ಲಿ ಅದು ಸಹಾಯಕ ಕ್ರಿಯಾಪದ; ಇನ್ನೊಬ್ಬರಿಗಾಗಿ ಮಾಡುವುದು ಎಂಬಷ್ಟೇ ಅದರ ಅರ್ಥ. ಆದರೆ ಹಣ ಎಣಿಸಿದ ಗಿರಾಕಿಯ ಕಿವಿಗೆ ಅದು ಪೂರ್ಣಾರ್ಥದ 'ಕೊಡು' ಆಗಿಯೇ ಕೇಳಿಸಬಹುದು. ದೀಪಾವಳಿ ಮುಗಿದು ಮಾಲೆ ಇಳಿಸಲು ಹೋದಾಗ 'ರೊಕ್ಕಾ ಕೊಟ್ಟೀವಲ್ಲ, ಮಾಲಿ ನಮ್ಮವು' ಎಂಬ ಜಗಳ ಹುಟ್ಟುವುದು ಈ ಒಂದು ಪದದಿಂದ. ಮರಾಠಿಯಲ್ಲಿ 'ವಿಕತ', 'ಭಾಡ್ಯಾನೆ' ಎಂಬ ಎರಡು ಮಾತುಗಳು ಮಾರಾಟವನ್ನೂ ಬಾಡಿಗೆಯನ್ನೂ ಬೇರ್ಪಡಿಸುತ್ತವೆ. ಕನ್ನಡದಲ್ಲಿ 'ಕ್ರಯಕ್ಕೆ', 'ಬಾಡಿಗೆಗೆ' ಎಂಬವು ಅದೇ ಕೆಲಸ ಮಾಡುತ್ತವೆ. ದರಪಟ್ಟಿಯಲ್ಲಿ ಇವುಗಳಲ್ಲೊಂದು ಇರಲೇಬೇಕು. ಒಂದು ಮಾದರಿ ಹೀಗಿರಬಹುದು: 'ಕೆಳಗೆ ಎಣಿಸಿದ ಮಾಲೆ, ತಂತಿ, ಸ್ವಿಚ್‌ಬೋರ್ಡುಗಳು ಕಟ್ಟುವವರ ಸ್ವತ್ತು; ಬಾಡಿಗೆಗೆ ಮಾತ್ರ ಕೊಡಲಾಗಿದೆ. ಹಬ್ಬ ಮುಗಿದ ಮೂರು ದಿನಗಳೊಳಗೆ ಕಟ್ಟಿದವರೇ ಇಳಿಸಿ ಒಯ್ಯುವರು. ಇಳಿಸುವ ಕೂಲಿ ಈ ದರದಲ್ಲಿ ಸೇರಿದೆ.' ಮೂರು ವಾಕ್ಯ ಸಾಕು, ಎರಡೂ ಭಾಷೆಗಳಲ್ಲಿ. 'ಅಂದಾಜು' ಎಂಬ ಪದ ಎರಡು ಕಡೆಯೂ ಸಲ್ಲುವುದರಿಂದ ಅದನ್ನು ಎಚ್ಚರದಿಂದ ಬಳಸಬೇಕು. ಅಂದಾಜು ಎಂದು ಬರೆದರೆ ಗಿರಾಕಿ ಚೌಕಾಶಿಗೆ ಬಾಗಿಲು ತೆರೆದಿದೆ ಎಂದುಕೊಳ್ಳುತ್ತಾನೆ. ದರ ನಿಶ್ಚಿತವಾಗಿದ್ದರೆ ನಿಶ್ಚಿತ ದರ ಎಂದೇ ಬರೆಯಬೇಕು. ಮುಂಗಡಕ್ಕೆ ಹಳೆಯ ಕನ್ನಡ ವ್ಯವಹಾರದಲ್ಲಿ 'ಸಂಚಕಾರ' ಎಂಬ ಮಾತಿತ್ತು. ಇಂದು ಅದು 'ಜೀವಕ್ಕೆ ಸಂಚಕಾರ' ಎಂಬ ನುಡಿಗಟ್ಟಿನಲ್ಲಷ್ಟೇ ಹೆಚ್ಚಾಗಿ ಕೇಳಿಬರುತ್ತದೆ.

ಜೀವಕ್ಕೆ ಸಂಚಕಾರ ಈ ಉದ್ಯೋಗದಲ್ಲಿ ಬರಿಯ ನುಡಿಗಟ್ಟಲ್ಲ. ಸೊಲ್ಲಾಪುರ ಸೀಮೆಯಲ್ಲಿ ಸೆಪ್ಟೆಂಬರ್ ದೊಡ್ಡ ಮಳೆಯ ತಿಂಗಳು. ಗಣೇಶೋತ್ಸವದ ದೀಪ ಏರುವುದೂ ಅದೇ ಹೊತ್ತಿಗೆ. ತಗಡಿನ ಚಪ್ಪರ, ಕಬ್ಬಿಣದ ಕಟಕಟೆ, ಟೇಪು ಸುತ್ತಿದ ತಂತಿಯ ಜೋಡು, ಮೇಲೆ ಮಳೆ. ಇಷ್ಟು ಕೂಡಿದರೆ 230 ವೋಲ್ಟ್ ಮನುಷ್ಯನನ್ನು ಉಳಿಸುವುದಿಲ್ಲ. 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನು ಪ್ರತಿ ಕೆಲಸದ ಬೋರ್ಡಿನಲ್ಲೂ ಹಾಕಬೇಕು. ಅದರ ಬೆಲೆಯಲ್ಲಿ ಉಳಿತಾಯ ಹುಡುಕಬಾರದು. ಬೀದಿಯ ತಂತಿಗೆ ಆಕಡೆ ಹಾಕಿ ವಿದ್ಯುತ್ ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನಂತೆ ಕಳವು. ಮೂರು ವರ್ಷದವರೆಗೆ ಸೆರೆವಾಸವಿದೆ. ಮಂಡಳಿಯವರು ಮಹಾವಿತರಣದಿಂದ ತಾತ್ಕಾಲಿಕ ಸಂಪರ್ಕ ಪಡೆದ ಮೇಲೆಯೇ ಕೆಲಸ ಹಿಡಿಯಬೇಕು. ಪದವೀಧರನು ತಾನೇ ತಂತಿ ಜೋಡಿಸಲು ಹೋಗದೆ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವುದು ವಿವೇಕ. ದರಪಟ್ಟಿ, ವಸೂಲಿ, ದಾಸ್ತಾನು ಇವನದು, ಜೋಡಣೆ ಆತನದು.

ಕರೆಂಟಿನ ಬಿಲ್ಲಿನ ಬಗ್ಗೆ ಗಿರಾಕಿ ಕೇಳಿಯೇ ಕೇಳುತ್ತಾನೆ. 8 ವ್ಯಾಟಿನ 50 ಮಾಲೆ ಎಂದರೆ 400 ವ್ಯಾಟ್. ರಾತ್ರಿಗೆ ಆರು ತಾಸು ಉರಿದರೆ 2.4 ಯೂನಿಟ್, ಐದು ರಾತ್ರಿಗೆ 12 ಯೂನಿಟ್. ಈ ಉತ್ತರ ನಾಲಿಗೆಯ ತುದಿಯಲ್ಲಿರಬೇಕು.

ಉಳಿದದ್ದು ದಾಸ್ತಾನು. ಇಳಿಸಿದ ದಿನವೇ ಪ್ರತಿ ಮಾಲೆಯನ್ನು ಹೊತ್ತಿಸಿ ನೋಡಿ, ಒರೆಸಿ, ರಟ್ಟಿನ ತುಂಡಿಗೆ ಸುತ್ತಿ, ಇಲಿ ಹೋಗದ ತಗಡಿನ ಡಬ್ಬಿಯಲ್ಲಿ ಇಡಬೇಕು. ಕೆಟ್ಟವು ಬೇರೆ ಡಬ್ಬಿಗೆ. ಅವುಗಳ ದುರಸ್ತಿ ಬಿಡುವಿನ ತಿಂಗಳ ಕೆಲಸ. ಡಬ್ಬಿಯ ಮೇಲೆ ಯಾವ ಮನೆ, ಯಾವ ಗೋಡೆ, ಎಷ್ಟು ಉದ್ದ, ಯಾವ ಮೂಲೆಯಿಂದ ಆರಂಭ ಎಂದು ಬರೆದ ಚೀಟಿ ಅಂಟಿಸಬೇಕು. ಶ್ರಾವಣದಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೊತ್ತಿಸಿ ನೋಡಬೇಕು. ಚೀಟಿಯಿದ್ದರೆ ಮರುವರ್ಷ ಅದೇ ಮಾಲೆ ಅದೇ ಗೋಡೆಗೆ ಅಳತೆ ಹಿಡಿಯದೆಯೇ ಏರುತ್ತದೆ. ಅರ್ಧ ದಿನ ಹಿಡಿಯುತ್ತಿದ್ದ ಮನೆ ಎರಡು ತಾಸಿನಲ್ಲಿ ಮುಗಿದು, ಅದೇ ದಿನ ಇನ್ನೊಂದು ಮನೆಗೆ ಏಣಿ ಹೊರಡುತ್ತದೆ.