ಜೇಡಿಮಣ್ಣಿನ ವಿಮಾನ, ಗಾಳಿ ಸುರಂಗದ ಪಾಠ

9ನೆಯ ತರಗತಿಯ ‘ಶಬ್ದ’ ಘಟಕದ ಕೊನೆಗೆ ನಾನು ಸೇರಿಸಿಕೊಂಡ ಎರಡು ಅವಧಿಗಳ ಪಾಠವಿದು. ವಿಮಾನದ ವೇಗ ಶಬ್ದದ ವೇಗವನ್ನು ಸಮೀಪಿಸಿದಾಗ ಗಾಳಿಯ ತಡೆ ಥಟ್ಟನೆ ಏರುತ್ತದೆ. ಅದನ್ನು ತಗ್ಗಿಸುವ ದಾರಿ ಸಣ್ಣ ಮಾದರಿಗಳಿಂದ ಹೇಗೆ ಸಿಕ್ಕಿತು ಎಂಬುದು ವಿಷಯ. ಕಥೆಯನ್ನು ಮೊದಲೇ ಹೇಳದೆ ಚಟುವಟಿಕೆಯಿಂದ ಆರಂಭಿಸಿದೆ.

ಪ್ರತಿ ಗುಂಪೂ 20 ಸೆಂ.ಮೀ. ಉದ್ದ, 4 ಸೆಂ.ಮೀ. ವ್ಯಾಸದ ಜೇಡಿಮಣ್ಣಿನ ಒಡಲಿಗೆ ದಪ್ಪ ರೆಕ್ಕೆಗಳನ್ನು ಅಂಟಿಸಿತು. (ಹಿಂದಿನ ದಿನವೇ ಮಾಡಿಸಿ ಒದ್ದೆ ಬಟ್ಟೆ ಸುತ್ತಿಡಿ, ತೀರಾ ಹಸಿ ಮಣ್ಣು ದಾರಕ್ಕೆ ಅಂಟಿ ಆಕಾರ ಕೆಡುತ್ತದೆ.) ಮಕ್ಕಳು ಅದನ್ನು 2 ಸೆಂ.ಮೀ.ಗೊಂದರಂತೆ ದಾರದಿಂದ ಅಡ್ಡಕೊಯ್ದು, ತುಂಡುಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಗೀಚಿ ಚೌಕ ಎಣಿಸಿದರು. ಬರಿ ಒಡಲಿನ ತುಂಡು ಸುಮಾರು 12 ಚದರ ಸೆಂ.ಮೀ.; ರೆಕ್ಕೆಯಿರುವಲ್ಲಿ 19. ನಕ್ಷೆ ಎಳೆದಾಗ ನಡುವೆ ಗೂನು ಎದ್ದಿತು.

“ರೆಕ್ಕೆ ಮುಟ್ಟದೆ ಈ ಗೂನು ಇಳಿಸುವುದು ಹೇಗೆ?”

“ರೆಕ್ಕೆಗೆ ಹೋದಷ್ಟು ಮಣ್ಣನ್ನ ಹೊಟ್ಟೆಯಿಂದ ತೆಗೆದುಬಿಡೋಣ ಸರ್” ಎಂದಳು ಒಬ್ಬಳು.

ಆಗ ರಿಚರ್ಡ್ ವಿಟ್‌ಕಂಬ್ ಹೆಸರು ಹೇಳಿದೆ. ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಮಾದರಿಗಳನ್ನು ಪರೀಕ್ಷಿಸುತ್ತಿದ್ದ ಅವರು 1951–52ರಲ್ಲಿ ಇದೇ ಉಪಾಯ ಕಂಡುಕೊಂಡರು. ಶಬ್ದವೇಗದ ಆಸುಪಾಸಿನಲ್ಲಿ ಆಘಾತ ತರಂಗಗಳಿಂದಾಗುವ ತಡೆ, ಒಡಲು ರೆಕ್ಕೆ ಎರಡೂ ಸೇರಿದ ಅಡ್ಡಕೊಯ್ತದ ವಿಸ್ತೀರ್ಣ ಎಷ್ಟು ನಯವಾಗಿ ಬದಲಾಗುತ್ತದೆ ಎಂಬುದಕ್ಕೆ ತಕ್ಕಂತಿರುತ್ತದೆ. ಕಾನ್ವೇರ್ ಕಂಪನಿಯ ವೈಎಫ್-102 ಸಮತಲ ಹಾರಾಟದಲ್ಲಿ ಶಬ್ದವೇಗ ದಾಟಲಾರದೆ ಹೋಯಿತು. ಒಡಲು ಉದ್ದಮಾಡಿ ಸೊಂಟ ಕಿರಿದಾಗಿಸಿದ ವೈಎಫ್-102ಎ 1954ರ ಡಿಸೆಂಬರಿನಲ್ಲಿ ದಾಟಿತು.

ಇಲ್ಲಿ ಶಿಕ್ಷಕರು ಎಚ್ಚರವಾಗಿರಬೇಕು. ಮಣ್ಣಿನ ತುಂಡುಗಳು ವಿಸ್ತೀರ್ಣವನ್ನಷ್ಟೇ ತೋರಿಸುತ್ತವೆ. ತಡೆ ಇಳಿಯಿತೆಂದು ತೋರಿಸಿದ್ದು ಸುರಂಗ. ‘ನಾವೇ ಸಾಧಿಸಿ ತೋರಿಸಿದೆವು’ ಎಂದು ಮಕ್ಕಳು ಬರೆದುಕೊಂಡರೆ ಸುಂದರ ಚಟುವಟಿಕೆಯೇ ತಪ್ಪು ವಿಜ್ಞಾನ ಕಲಿಸಿದಂತೆ. ಅದಕ್ಕೇ ಹಲಗೆಯ ಮೇಲೆ ‘ನಾವು ಅಳೆದದ್ದು’, ‘ಸುರಂಗ ಅಳೆದದ್ದು’ ಎಂದು ಎರಡು ಕಂಬಸಾಲು ಮಾಡಿದ್ದೆ.

ಎರಡನೆಯ ಅವಧಿಯನ್ನು ಪೂರ್ತಿ ಒಂದೇ ಪ್ರಶ್ನೆ ನುಂಗಿತು: “ಮಾದರಿ ಚಿಕ್ಕದಾದರೆ ಗಾಳಿಯ ವೇಗವೂ ಕಡಿಮೆ ಸಾಕಲ್ವಾ ಸರ್?” ಸಾಲದು. ಮಾದರಿ ಕುಗ್ಗಿತೆಂದು ಶಬ್ದದ ವೇಗ ಕುಗ್ಗುವುದಿಲ್ಲ. ಅದು ಬದಲಾಗುವುದು ಗಾಳಿಯ ಉಷ್ಣತೆಯಿಂದ. ನೆಲಮಟ್ಟದಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 11 ಕಿ.ಮೀ. ಎತ್ತರದ ಚಳಿಯಲ್ಲಿ ಸುಮಾರು 295. ಎರಡು ಕಡೆಯೂ ಮ್ಯಾಕ್ 1.2 ಎಂದರೆ ಎಷ್ಟು ವೇಗವೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿದೆ: 408, 354. ಸುರಂಗದಲ್ಲಿ ಹೊಂದಿಸಬೇಕಾದದ್ದು ಈ ವೇಗಗಳನ್ನಲ್ಲ, 1.2 ಎಂಬ ಅನುಪಾತವನ್ನು. ಬೆಂಗಳೂರಿನ ಎನ್‌ಎಎಲ್‌ನಲ್ಲಿರುವ 1.2 ಮೀಟರ್ ಸುರಂಗದಲ್ಲಿ ಅದನ್ನು 4ರವರೆಗೂ ಏರಿಸಬಹುದು ಎಂದಾಗ, 4ಕ್ಕೆ ಎಷ್ಟು ವೇಗವಾಗುತ್ತದೆಂದು ಹೇಳದೆಯೇ ಗುಣಿಸತೊಡಗಿದರು. “ಅಲ್ಲಿನ ಗಾಳಿಯ ಉಷ್ಣತೆ ಎಷ್ಟು ಸರ್?” ಎಂದು ಹಿಂದಿನ ಬೆಂಚಿನಿಂದ ಕೇಳಿದಾಗ ಗಂಟೆ ಹೊಡೆಯಿತು.