ಕರಾವಳಿಯಲ್ಲಿ ಮನೆ, ಕೈಯಲ್ಲಿ ವಿದೇಶಿ ಪಾಸ್‌ಪೋರ್ಟ್: ಮುಂಗಡಕ್ಕೆ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಸ್ಕಿ ಭಾಗಕ್ಕೆ ಭತ್ತವನ್ನೂ ಅಕ್ಕಿ ಗಿರಣಿಗಳನ್ನೂ ತಂದಿತು. ಆ ದುಡಿಮೆಯಿಂದ ಓದಿದ ಮಕ್ಕಳಲ್ಲಿ ಕೆಲವರು ಇಂದು ವಿದೇಶಗಳಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾರೆ. ರಜೆಗೆ ಬಂದಾಗ ಇಳಿದುಕೊಳ್ಳಲು ಉಡುಪಿ ಅಥವಾ ಮಂಗಳೂರಿನ ಕಡೆ ಸಮುದ್ರಕ್ಕೆ ಸಮೀಪದಲ್ಲಿ ಒಂದು ಮನೆ ಇರಲಿ ಎಂಬ ಆಸೆ ಇಂತಹ ಕುಟುಂಬಗಳಲ್ಲಿ ಸಹಜ. ಆದರೆ ಮಗ ಮನೆಯವರಿಗೆ ಮಗನೇ ಆದರೂ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಪ್ರಜೆ. ಈ ಅಂಶವನ್ನು ಮರೆತು ಕೊಟ್ಟ ಮುಂಗಡ ಹಣ ತೊಂದರೆಗೆ ಸಿಲುಕುವುದು ಖಂಡಿತ. ಆದುದರಿಂದ ಕೊಳ್ಳುವವರು ಯಾರು, ನೆಲ ಯಾವುದು, ಹಣ ಯಾವ ಖಾತೆಯದು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಬೇಕು.

1. ಕೊಳ್ಳುವವರು ಯಾರು?

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಹಾಗೂ ಅದರಡಿ 2019ರಲ್ಲಿ ಹೊರಡಿಸಿದ ಋಣೇತರ ಸಾಧನಗಳ ನಿಯಮಗಳು ಖರೀದಿದಾರರನ್ನು ಹೀಗೆ ವಿಂಗಡಿಸುತ್ತವೆ:

ಅ) ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿ ಭಾರತೀಯರು ಮತ್ತು ವಿದೇಶಿ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿರುವವರು ಮನೆ, ನಿವೇಶನ, ಅಂಗಡಿಗಳನ್ನು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಇಲ್ಲದೆ ಕೊಳ್ಳಬಹುದು. ಆದರೆ ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಶನ್‌ಗಳನ್ನು ಕೊಳ್ಳುವಂತಿಲ್ಲ.

ಆ) ಭಾರತೀಯ ಮೂಲದವರಲ್ಲದ, ಭಾರತದಲ್ಲಿ ನಿವಾಸಿಯೂ ಅಲ್ಲದ ವಿದೇಶಿಯರು ಕೊಳ್ಳುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಗೋಕರ್ಣದಲ್ಲಾಗಲಿ ಮಲ್ಪೆಯಲ್ಲಾಗಲಿ ಈ ಹಕ್ಕು ಇಲ್ಲ. ಅವರು ಐದು ವರ್ಷ ಮೀರದ ಗುತ್ತಿಗೆಯಲ್ಲಿ ಮನೆ ಪಡೆಯಬಹುದು.

ಇ) ಸೊಸೆ ಅಥವಾ ಅಳಿಯ ವಿದೇಶಿಯರಾಗಿದ್ದು ಓಸಿಐ ಕಾರ್ಡ್ ಇಲ್ಲದಿದ್ದರೆ, ಪತಿ ಅಥವಾ ಪತ್ನಿಯೊಡನೆ ಜಂಟಿಯಾಗಿ ಒಂದು ಸ್ಥಿರಾಸ್ತಿಯನ್ನು ಮಾತ್ರ ಕೊಳ್ಳಬಹುದು. ವಿವಾಹ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ಮುಂದುವರಿದಿರಬೇಕು.

2. ನೆಲ ಯಾವುದು?

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಕರ್ನಾಟಕ ಸರ್ಕಾರವು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅದರಿಂದ ದಾರಿಯಾಯಿತು. ಇದನ್ನೇ ಮುಂದಿಟ್ಟು "ಈಗ ಯಾರು ಬೇಕಾದರೂ ಕೊಳ್ಳಬಹುದು" ಎಂದು ದಲ್ಲಾಳಿಗಳು ಹೇಳುವುದುಂಟು. ಆದರೆ ಫೆಮಾ ಕೇಂದ್ರದ ಕಾಯ್ದೆ. ರಾಜ್ಯವು ತೆರೆದ ಬಾಗಿಲು ಅನಿವಾಸಿಗಳಿಗೆ ಮತ್ತು ಓಸಿಐ ಕಾರ್ಡುದಾರರಿಗೆ ತೆರೆದಿಲ್ಲ. ತೆಂಗಿನ ತೋಟದ ನಡುವಿನ ಸುಂದರವಾದ ವಿಲ್ಲಾ ನಿಂತಿರುವ ಜಮೀನು ಪಹಣಿಯಲ್ಲಿ ಕೃಷಿ ಜಮೀನೆಂದೇ ಇದ್ದರೆ ಅವರು ಅದನ್ನು ಮುಟ್ಟಬಾರದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ವಾಸದ ಉದ್ದೇಶಕ್ಕೆ ಪರಿವರ್ತನೆ, ಅಂದರೆ ನಮ್ಮ ಕಡೆ ಹೇಳುವ ಎನ್.ಎ., ಖರೀದಿಗೆ ಮೊದಲೇ ಆಗಿರಬೇಕು. "ಕ್ರಯವಾದ ಮೇಲೆ ಮಾಡಿಸಿಕೊಡುತ್ತೇವೆ" ಎಂಬ ಮಾತಿಗೆ ಬೆಲೆ ಇಲ್ಲ.

ಬಯಲುಸೀಮೆಯವರಿಗೆ ಅಪರಿಚಿತವಾದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಕುಮ್ಕಿ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗ ಜಮೀನಿನ ಅಂಚಿನ ನೂರು ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ಮುಂತಾದ ಸವಲತ್ತು ವರ್ಗದಾರರಿಗಿದೆ. ಅದು ಸವಲತ್ತೇ ಹೊರತು ಒಡೆತನವಲ್ಲ. ಮಾರಾಟಗಾರರು ತೋರಿಸುವ ಬೇಲಿಯೊಳಗೆ ಕುಮ್ಕಿ ಸೇರಿದ್ದರೆ ಅಷ್ಟು ನೆಲಕ್ಕೆ ಕೊಟ್ಟ ಹಣ ವ್ಯರ್ಥ. ಸರ್ವೆ ನಕ್ಷೆಯೊಡನೆ ಅಳತೆ ಮಾಡಿಸಿಯೇ ಮುಂದುವರಿಯಬೇಕು.

ಎರಡನೆಯದು ಕರಾವಳಿ ನಿಯಂತ್ರಣ ವಲಯ. 2019ರ ಜನವರಿ 18ರ ಅಧಿಸೂಚನೆಯಂತೆ, 2011ರ ಜನಗಣತಿಯಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161ನ್ನು ಮೀರದ ಗ್ರಾಮೀಣ ಕರಾವಳಿಯಲ್ಲಿ ಉಬ್ಬರ ರೇಖೆಯಿಂದ 200 ಮೀಟರ್‌ವರೆಗಿನ ಪ್ರದೇಶ ಅಭಿವೃದ್ಧಿ ನಿಷೇಧ ವಲಯ. ಸಮುದ್ರದ ಕಡೆ 500 ಮೀಟರ್‌ವರೆಗೂ ನಿಯಂತ್ರಣವಿದೆ. ಉಬ್ಬರದ ನೀರು ನುಗ್ಗುವ ಹೊಳೆಗಳ ದಡಕ್ಕೂ ಪ್ರತ್ಯೇಕ ಮಿತಿಯಿದೆ. ಕಟ್ಟಡ ಪರವಾನಗಿಯ ಜೊತೆಗೆ ಈ ವಲಯದ ನಕ್ಷೆಯಲ್ಲಿ ಸರ್ವೆ ನಂಬರನ್ನು ಪರಿಶೀಲಿಸಬೇಕು.

3. ಹಣ ಯಾವ ಖಾತೆಯದು?

ಓಸಿಐ ಕಾರ್ಡುದಾರರು ಬೆಲೆಯನ್ನು ವಿದೇಶದಿಂದ ಬ್ಯಾಂಕ್ ಮೂಲಕ ಬಂದ ಹಣದಿಂದ ಅಥವಾ ತಮ್ಮ ಎನ್.ಆರ್.ಇ., ಎಫ್.ಸಿ.ಎನ್.ಆರ್. ಅಥವಾ ಎನ್.ಆರ್.ಓ. ಖಾತೆಯಿಂದ ಪಾವತಿಸಬೇಕು. ವಿದೇಶಿ ನೋಟು, ಟ್ರಾವೆಲರ್ಸ್ ಚೆಕ್ ಸಲ್ಲವು. ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಉದಾಹರಣೆಗೆ, ಸಿಂಧನೂರಿನ ಗಿರಣಿ ಮಾಲೀಕರೊಬ್ಬರು ಮಗನ ಹೆಸರಿನ ಮನೆಗೆ ಪಾಲುದಾರಿಕೆ ಸಂಸ್ಥೆಯ ಚಾಲ್ತಿ ಖಾತೆಯಿಂದ ನೇರವಾಗಿ ಮಾರಾಟಗಾರರಿಗೆ ಹಣ ಕಳುಹಿಸಿದರೆ ಎರಡು ತೊಡಕುಗಳು ಉಂಟಾಗುತ್ತವೆ. ಒಂದು, ಪಾವತಿಯ ಮಾರ್ಗ ಫೆಮಾಕ್ಕೆ ವಿರುದ್ಧ. ಇನ್ನೊಂದು, ಮಕ್ಕಳ ಹೆಸರಿನಲ್ಲಿ ಕೊಳ್ಳಲು ಬೇನಾಮಿ ಕಾಯ್ದೆಯಲ್ಲಿರುವ ವಿನಾಯಿತಿ ವ್ಯಕ್ತಿಯೊಬ್ಬರ ಸ್ವಂತ, ಗೊತ್ತಾದ ಮೂಲದ ಹಣಕ್ಕೆ ಮಾತ್ರ. ಫೆಮಾ ಉಲ್ಲಂಘನೆಗೆ ಸಂಬಂಧಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು.

ಸರಿಯಾದ ಮಾರ್ಗಗಳು ಎರಡು. ತಂದೆಯು ಬಂಡವಾಳ ಖಾತೆಯಿಂದ ಹಣವನ್ನು ತಮ್ಮ ವೈಯಕ್ತಿಕ ಖಾತೆಗೆ ಪಡೆದು, ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಮಗನ ಎನ್.ಆರ್.ಓ. ಖಾತೆಗೆ ದಾನವಾಗಿ ವರ್ಗಾಯಿಸಬಹುದು. ಇಲ್ಲವೇ ಮನೆಯನ್ನು ತಮ್ಮ ಹೆಸರಿನಲ್ಲಿಯೇ ಕೊಂಡು ಮುಂದೆ ದಾನಪತ್ರ ಮಾಡಿಕೊಡಬಹುದು.

ವೆಚ್ಚದ ಲೆಕ್ಕ

ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಶೇ. 10 ಉಪಕರ, ಹಾಗೂ ನಗರದಲ್ಲಿ ಶೇ. 2, ಗ್ರಾಮೀಣ ಪ್ರದೇಶದಲ್ಲಿ ಶೇ. 3 ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಗ್ರಾಮ ಪಂಚಾಯಿತಿ ವ್ಯಾಪ್ತಿಯ ರೂ. 1,20,00,000 ಬೆಲೆಯ ಮನೆಗೆ ಮುದ್ರಾಂಕದ ಬಾಬ್ತು ರೂ. 6,78,000, ನೋಂದಣಿ ರೂ. 2,40,000, ಒಟ್ಟು ರೂ. 9,18,000 ಆಗುತ್ತದೆ.

ಮಾರಾಟಗಾರರೂ ಅನಿವಾಸಿಯಾಗಿದ್ದರೆ

ಕರಾವಳಿಯ ಎಷ್ಟೋ ಮನೆಗಳ ಒಡೆಯರು ಗಲ್ಫ್ ದೇಶಗಳಲ್ಲಿದ್ದಾರೆ. ಅಂಥವರಿಂದ ಕೊಳ್ಳುವಾಗ ಸಾಮಾನ್ಯವಾದ ಶೇ. 1 ಮೂಲ ತೆರಿಗೆ ಕಡಿತ ಸಾಲದು. ದೀರ್ಘಾವಧಿ ಬಂಡವಾಳ ಲಾಭಕ್ಕೆ ಅನ್ವಯಿಸುವ ಶೇ. 12.5 ದರ, ಅದರ ಮೇಲೆ ಅಧಿಭಾರ ಮತ್ತು ಉಪಕರ ಲೆಕ್ಕಕ್ಕೆ ಬರುತ್ತವೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮಾರಾಟಗಾರರು ಮೊದಲೇ ಪಡೆದರೆ ಇಬ್ಬರಿಗೂ ಅನುಕೂಲ. ಕಡಿತ ಮಾಡದಿದ್ದರೆ ಹೊಣೆ ಕೊಂಡವರ ಮೇಲೆಯೇ ಬೀಳುತ್ತದೆ.

ಮುಂದೆ ಮಾರುವಾಗ

ವಿದೇಶಿ ಹಣದಿಂದ ಕೊಂಡ ಮನೆಯನ್ನು ಮಾರಿದಾಗ, ಅಂದು ತಂದಷ್ಟು ಮೊತ್ತವನ್ನು ಹಿಂದಕ್ಕೆ ಒಯ್ಯಬಹುದು. ಈ ಸೌಲಭ್ಯ ಎರಡು ವಾಸದ ಮನೆಗಳಿಗೆ ಮಾತ್ರ. ಉಳಿದದ್ದು ಎನ್.ಆರ್.ಓ. ಖಾತೆಗೆ ಸೇರಿ, ತೆರಿಗೆ ತೀರಿಸಿದ ಮೇಲೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿಯಲ್ಲಿ ಹೋಗಬಹುದು. ಆದ್ದರಿಂದ ಹಣ ಬಂದ ದಾಖಲೆಗಳನ್ನು ಕ್ರಯಪತ್ರದಷ್ಟೇ ಜೋಪಾನವಾಗಿಡಬೇಕು.

ಕಾಲುವೆ ಕೆಳಗಿನ ಪಿತ್ರಾರ್ಜಿತ ಗದ್ದೆಯ ವಿಷಯ ಬೇರೆ. ನಿವಾಸಿ ತಂದೆಯಿಂದ ಉತ್ತರಾಧಿಕಾರವಾಗಿ ಬಂದ ಕೃಷಿ ಭೂಮಿಯನ್ನು ಓಸಿಐ ಮಗ ಉಳಿಸಿಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ನೆಲೆಸಿದ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು.

ವರ್ತಕರು ಸರಕು ಕೊಳ್ಳುವಾಗ ಮಾದರಿ ನೋಡಿ, ತೂಕ ನೋಡಿ, ನಂತರ ಬಿಲ್ಲಿಗೆ ಹಣ ಕೊಡುತ್ತಾರೆ. ಮನೆಯ ವಿಷಯದಲ್ಲಿ ಪೌರತ್ವ, ಪಹಣಿ, ಪಾಸ್‌ಬುಕ್ ಈ ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನೋಡಿದ ಬಳಿಕವೇ ಮುಂಗಡದ ಚೆಕ್ಕಿಗೆ ಸಹಿ ಹಾಕುವುದು ಕ್ಷೇಮ.